ಎಂಟಕ್ಕೆ ಹದಿನಾರು ಸೇರಿಸಿದ ಮೇಲೆ: ಥಿಂಕ್‌ಪ್ಯಾಡ್ ಇ14ಕ್ಕೆ ಹಾಕಿಸಿದ ಕ್ರೂಷಿಯಲ್ ರ‍್ಯಾಮ್, ಒಂದೂವರೆ ವರ್ಷದ ಬಳಕೆ

ನಾನು ಮೈಸೂರಿನಲ್ಲಿ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಕಾದಂಬರಿ, ಅಭಿನಂದನ ಗ್ರಂಥ, ಶಾಲೆ ಕಾಲೇಜುಗಳ ಸ್ಮರಣ ಸಂಚಿಕೆ, ಒಮ್ಮೊಮ್ಮೆ ಮದುವೆಯ ಆಮಂತ್ರಣ. ಹತ್ತೊಂಬತ್ತು ವರ್ಷದಿಂದ ಇದೇ ಅನ್ನ. 2021ರಲ್ಲಿ ಕೊಂಡ ಲೆನೊವೊ ಥಿಂಕ್‌ಪ್ಯಾಡ್ ಇ14, ಎರಡನೇ ತಲೆಮಾರಿನದು, ನನ್ನ ಇಡೀ ಕಚೇರಿ. ಇಂಟೆಲ್ ಐ5-1135ಜಿ7 ಪ್ರೊಸೆಸರ್, 8 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಕಡತಗಳನ್ನು ತೆರೆದಿಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ), 512 ಜಿಬಿ ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಜಾಗ). ಕೀಲಿಮಣೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸಿದ್ದೆ, ಆ ಆಯ್ಕೆಯ ಬಗ್ಗೆ ಇವತ್ತಿಗೂ ಸಂತೋಷವಿದೆ.

ಮೂರು ವರ್ಷ ತಕರಾರಿಲ್ಲದೆ ನಡೆದ ಯಂತ್ರ 2024ರ ಮಳೆಗಾಲದಲ್ಲಿ ಉಸಿರು ಕಟ್ಟಿಕೊಳ್ಳತೊಡಗಿತು. ಆಗ ಕೈಯಲ್ಲಿದ್ದದ್ದು ಒಂದು ಪ್ರೌಢಶಾಲೆಯ ಶತಮಾನೋತ್ಸವದ ಸಂಚಿಕೆ. 212 ಪುಟ, ಮುನ್ನೂರರ ಹತ್ತಿರ ಹಳೆಯ ಚಿತ್ರಗಳು. ಅಂಚು ಹರಿದ, ಗೆದ್ದಲು ತಿಂದ, ಯಾರದೋ ಮನೆಯ ಗೋಡೆಯಿಂದ ಚೌಕಟ್ಟಿನ ಸಮೇತ ಇಳಿಸಿ ತಂದ ಚಿತ್ರಗಳು. ಅವನ್ನೆಲ್ಲ 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಬಿಂದುಗಳಂತೆ, ಸ್ಕ್ಯಾನ್ ಮಾಡಿ ಫೋಟೊಶಾಪ್‌ನಲ್ಲಿ ಕಲೆ ತೆಗೆಯಬೇಕಿತ್ತು. ಎ4 ಅಳತೆಯ ಒಂದು ಚಿತ್ರ 600 ಡಿಪಿಐನಲ್ಲಿ 4,960 ಅಡ್ಡ, 7,016 ಉದ್ದ. ಗುಣಿಸಿದರೆ ಸುಮಾರು ಮೂರೂವರೆ ಕೋಟಿ ಬಿಂದುಗಳು. ಬಿಂದುವಿಗೆ ಮೂರು ಬೈಟ್ ಹಿಡಿದರೆ ಒಂದೇ ಪದರಕ್ಕೆ 100 ಎಂಬಿ. ಮೇಲೊಂದು ಪದರ ಹಾಕಿದರೆ ಇನ್ನೊಂದು ನೂರು. ಹಿಂದಕ್ಕೆ ಹೋಗಲು ಅದು ನೆನಪಿಟ್ಟುಕೊಳ್ಳುವ ಹಂತಗಳ ಲೆಕ್ಕ ಬೇರೆ. ಪಕ್ಕದಲ್ಲಿ ಪುಟ ಜೋಡಿಸುವ ಇನ್‌ಡಿಸೈನ್ ತೆರೆದಿರಬೇಕು, ಬ್ರೌಸರ್‌ನಲ್ಲಿ ಸಂಪಾದಕ ಮಂಡಳಿಯವರ ಮಿಂಚಂಚೆ ತೆರೆದಿರಬೇಕು.

ಯಾವುದರ ಮೇಲೆ ಎಷ್ಟು ಹೊರೆಯಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಶೇ 20ರ ಆಸುಪಾಸಿನಲ್ಲಿ ಆರಾಮವಾಗಿತ್ತು. ಮೆಮೊರಿಯ ಗೆರೆ ಮಾತ್ರ ಚಾವಣಿಗೆ ಅಂಟಿಕೊಂಡಂತೆ ಶೇ 94ರಲ್ಲಿ ನೇರವಾಗಿ ಓಡುತ್ತಿತ್ತು. ರ‍್ಯಾಮ್‌ನಲ್ಲಿ ಜಾಗ ಸಾಲದೆ ವಿಂಡೋಸ್ ಆ ಚಿತ್ರಗಳ ತುಂಡುಗಳನ್ನು ಎಸ್‌ಎಸ್‌ಡಿಗೆ ಸಾಗಿಸುವುದು, ಮತ್ತೆ ತರುವುದು, ಮತ್ತೆ ಸಾಗಿಸುವುದು. ಕುಂಚ ಎಳೆದ ಮೇಲೆ ಗೆರೆ ಮೂಡಲು ನಾಲ್ಕೈದು ಸೆಕೆಂಡು. ಒಬ್ಬ ಹಳೆಯ ಮೇಷ್ಟ್ರ ಮುಖದ ಮೇಲಿನ ಬಿರುಕನ್ನು ಮುಚ್ಚಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಊರಿನಲ್ಲೇ ಒಂದು ದುರಸ್ತಿ ಅಂಗಡಿಗೆ ಒಯ್ದೆ. ಅಲ್ಲಿದ್ದವರು ಲ್ಯಾಪ್‌ಟಾಪನ್ನು ತಿರುಗಿಸಿ ಕೂಡ ನೋಡದೆ, “ಈ ಮಾಡೆಲ್‌ನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತಾರೆ ಮೇಡಂ, ಸೇರಿಸಲು ಬರುವುದಿಲ್ಲ. ಹೊಸದು ತೆಗೆದುಕೊಳ್ಳಿ” ಎಂದು 65 ಸಾವಿರದ ಒಂದು ಯಂತ್ರ ತೋರಿಸಿದರು. ಆ ಮಾತನ್ನು ನಂಬಿ ಎರಡು ತಿಂಗಳು ಹಾಗೆಯೇ ದುಡಿದೆ. ಅದಕ್ಕಾಗಿ ನನಗೆ ಈಗಲೂ ಕೋಪವಿದೆ. ಮಾತಿನ ಅರ್ಧ ನಿಜ, ಇನ್ನರ್ಧ ಸುಳ್ಳು. ಅರ್ಧ ನಿಜವಾಗಿದ್ದರಿಂದಲೇ ನಾನು ನಂಬಿದ್ದು.

ನಿಜ ಇಷ್ಟು. ಈ ಮಾದರಿಯಲ್ಲಿ ಒಂದು ಪಾಲು ರ‍್ಯಾಮ್ ಮದರ್‌ಬೋರ್ಡಿಗೆ ಬೆಸುಗೆಯಾಗಿದೆ, ಅದರ ಜೊತೆಗೆ ಬಿಡಿ ಪಟ್ಟಿಯನ್ನು, ಅಂದರೆ ಸ್ಟಿಕ್ ಅನ್ನು, ಕೂರಿಸುವ ಒಂದು ಸ್ಲಾಟ್ ಕೂಡ ಇದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿತ್ತು. ಬೆಸುಗೆಯ ರ‍್ಯಾಮ್‌ಗೆ ವಿಂಡೋಸ್ ಹೇಳುವ ಹೆಸರು ಅದು. ಬಿಡಿ ಸ್ಟಿಕ್ ಆಗಿದ್ದರೆ ‘ಎಸ್‌ಒಡಿಐಎಂಎಂ’ ಎಂದಿರುತ್ತದೆ. ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ಅಲ್ಲೇ ಒಂದು ಅಂಕಿ ಇರುತ್ತದೆ, ಆದರೆ ಬೆಸುಗೆ ಇರುವ ಯಂತ್ರಗಳಲ್ಲಿ ಆ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಲೆನೊವೊ ತನ್ನ ಜಾಲತಾಣದಲ್ಲಿ ಪ್ರತಿಯೊಂದು ಥಿಂಕ್‌ಪ್ಯಾಡ್‌ನ ದುರಸ್ತಿ ಕೈಪಿಡಿಯನ್ನು ಚಿತ್ರಗಳ ಸಮೇತ ಉಚಿತವಾಗಿ ಇಟ್ಟಿದೆ. ಬಿಚ್ಚುವ ಕ್ರಮ, ಯಾವ ತಿರುಪು ಎಲ್ಲಿ ಎಂಬುದೆಲ್ಲ ಅದರಲ್ಲಿದೆ. ಅದನ್ನು ಇಳಿಸಿಕೊಂಡು ಒಂದು ರಾತ್ರಿ ಓದಿದೆ.

ಕೊಳ್ಳುವ ಮೊದಲು ಕಣ್ಣಾರೆ ನೋಡಬೇಕು ಅನ್ನಿಸಿತು. ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿದೆ. ಮೊದಲು ಲ್ಯಾಪ್‌ಟಾಪ್ ಚಾಲೂ ಮಾಡುವಾಗ ಎಫ್1 ಒತ್ತಿ ಸೆಟಪ್‌ಗೆ ಹೋಗಿ, ಪವರ್ ವಿಭಾಗದಲ್ಲಿ ಒಳಗಿನ ಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಿದೆ. ಥಿಂಕ್‌ಪ್ಯಾಡ್‌ಗಳಲ್ಲಿ ಈ ಏರ್ಪಾಡು ಇದೆ. ಮತ್ತೆ ಚಾರ್ಜರ್ ಚುಚ್ಚಿದಾಗ ಬ್ಯಾಟರಿ ತಾನಾಗಿಯೇ ಜೀವ ಪಡೆಯುತ್ತದೆ. ನಂತರ ಅಡುಗೆಮನೆಯ ನಲ್ಲಿ ಮುಟ್ಟಿ ಕೈಯಲ್ಲಿದ್ದಿರಬಹುದಾದ ಸ್ಥಾಯಿ ವಿದ್ಯುತ್ ಕಳೆದುಕೊಂಡು ಬಂದು ತಿರುಪುಗಳನ್ನು ಸಡಿಲಿಸಿದೆ. ಕೆಳಗಿನ ಹೊದಿಕೆ ಸುತ್ತಲೂ ಪ್ಲಾಸ್ಟಿಕ್ ಕೊಂಡಿಗಳಿಂದ ಕಚ್ಚಿಕೊಂಡಿರುತ್ತದೆ. ಮಗಳ ಗಿಟಾರಿನ ಪಿಕ್ ಅನ್ನು ಬಿರುಕಿನೊಳಗೆ ತೂರಿಸಿ ಅಂಚಿನುದ್ದಕ್ಕೂ ಜಾರಿಸಿದಂತೆ ಒಂದೊಂದೇ ಕೊಂಡಿ ಟಕ್ ಟಕ್ ಎಂದು ಬಿಟ್ಟುಕೊಂಡಿತು. ಮೊದಲ ಸದ್ದಿಗೆ ಏನೋ ಮುರಿಯಿತೆಂದು ಎದೆ ಝಲ್ಲೆಂದಿತ್ತು. ಮೂರನೆಯದರ ಹೊತ್ತಿಗೆ ಅದು ಕೊಂಡಿಯ ಸದ್ದೆಂದು ಕಿವಿಗೆ ತಿಳಿದಿತ್ತು.

ಮಗಳು ಮೊಬೈಲ್ ಟಾರ್ಚ್ ಹಿಡಿದಳು. ಫ್ಯಾನಿನ ಬಾಯಲ್ಲಿ ಮೂರು ವರ್ಷದ ಬೂದುಬಣ್ಣದ ಧೂಳು. ಅದಕ್ಕೆ ಸ್ವಲ್ಪ ದೂರದಲ್ಲಿ ಬೆರಳುದ್ದದ ಒಂದು ಕಪ್ಪು ಸ್ಲಾಟ್, ಎರಡು ಬದಿಗೂ ಬೆಳ್ಳಿಬಣ್ಣದ ಪುಟ್ಟ ಕ್ಲಿಪ್. ಖಾಲಿ. “ಅಮ್ಮಾ, ಇಲ್ಲೇ ಇದೆಯಲ್ಲ!” ಎಂದಳು. ಆ ಖಾಲಿ ಜಾಗವನ್ನು ಕಂಡಾಗ ನನಗಾದ ಸಮಾಧಾನವನ್ನು ಹೇಗೆ ಹೇಳಲಿ. ಉಸಿರು ಬಿಡದೆ ಬ್ರಷ್ಷಿನಿಂದ ಧೂಳು ತೆಗೆದು ಮುಚ್ಚಿಟ್ಟೆ.

ಇನ್ನು ಯಾವುದು ಕೊಳ್ಳುವುದು ಎಂಬ ಪ್ರಶ್ನೆ. ಜಾತಿ, ಅಂದರೆ ಡಿಡಿಆರ್3, 4, 5 ಎಂಬ ತಲೆಮಾರು, ಮೊದಲೇ ತೀರ್ಮಾನವಾಗಿರುತ್ತದೆ, ಅಲ್ಲಿ ನಮಗೆ ಆಯ್ಕೆಯಿಲ್ಲ. ಡಿಡಿಆರ್3ರ ಲ್ಯಾಪ್‌ಟಾಪ್ ಸ್ಟಿಕ್‌ಗೆ 204 ಕಾಲುಗಳು (ಪಿನ್), ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕೆಳಅಂಚಿನ ಕಚ್ಚು ಮೂರರಲ್ಲೂ ಬೇರೆ ಬೇರೆ ಜಾಗದಲ್ಲಿದೆ, ಒಂದು ಇನ್ನೊಂದರ ಸ್ಲಾಟಿಗೆ ಕೂರುವುದೇ ಇಲ್ಲ. ನನ್ನದು ಡಿಡಿಆರ್4, 1.2 ವೋಲ್ಟ್, ಪ್ರೊಸೆಸರ್ ಒಪ್ಪುವ ವೇಗ 3200. ಅದಕ್ಕಿಂತ ಮೇಲಿನ ವೇಗ ಬರೆದಿರುವ ಸ್ಟಿಕ್‌ಗೆ ಹೆಚ್ಚು ಹಣ ಕೊಟ್ಟರೂ ಈ ಯಂತ್ರದಲ್ಲಿ ಅದು 3200ಕ್ಕಿಂತ ಮೇಲೆ ಓಡುವುದಿಲ್ಲ.

ನಿಜವಾದ ಆಯ್ಕೆ 8 ಜಿಬಿಯೋ 16 ಜಿಬಿಯೋ ಎಂಬುದು. ಇಲ್ಲಿ ನಾನು ಬಹಳ ಯೋಚಿಸಿದೆ. ಕೇಳಿದವರೆಲ್ಲರೂ ಎಂಟಕ್ಕೆ ಎಂಟೇ ಜೋಡಿ ಎಂದರು. ಅದರಲ್ಲಿ ಹುರುಳಿದೆ. ಪ್ರೊಸೆಸರ್‌ಗೆ ಮೆಮೊರಿಯ ಎರಡು ದಾರಿಗಳಿವೆ. ಬಚ್ಚಲುಮನೆಯ ಹಂಡೆಗೆ ಎರಡು ನಲ್ಲಿ ಇದ್ದ ಹಾಗೆ. ಬೆಸುಗೆಯ ರ‍್ಯಾಮ್ ಒಂದೇ ಇದ್ದಾಗ ಒಂದು ನಲ್ಲಿ ಮಾತ್ರ ತೆರೆದಿರುತ್ತದೆ: ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ. ಎರಡನೆಯ ಸ್ಟಿಕ್ ಕೂತರೆ ಎರಡೂ ತೆರೆದು 51.2. ಎರಡು ಕಡೆಯೂ ಸಮವಾಗಿದ್ದರೆ ಪೂರ್ತಿ 16 ಜಿಬಿಗೂ ಈ ವೇಗ ಸಿಗುತ್ತದೆ. ಒಂದು ಕಡೆ ಎಂಟು, ಇನ್ನೊಂದು ಕಡೆ ಹದಿನಾರು ಇದ್ದರೆ? ಎರಡು ಕಡೆಯ ಎಂಟೆಂಟು ಸೇರಿ ಮೊದಲ 16 ಜಿಬಿ ಎರಡು ನಲ್ಲಿಯಲ್ಲಿ ನಡೆಯುತ್ತದೆ, ಉಳಿದ 8 ಜಿಬಿ ಒಂದೇ ನಲ್ಲಿಯಲ್ಲಿ. ಇಂಟೆಲ್ ಇದನ್ನು ಫ್ಲೆಕ್ಸ್ ಎಂದು ಕರೆಯುತ್ತದೆ. ಅಂದರೆ ಅಸಮ ಜೋಡಿ ಹಾಕಿದ್ದರಿಂದ ಸಮಜೋಡಿಯವರಿಗೆ ಸಿಗುವುದು ನನಗೇನೂ ತಪ್ಪುವುದಿಲ್ಲ. ಮೇಲಿನ ಎಂಟು ಮಾತ್ರ ಸ್ವಲ್ಪ ನಿಧಾನ. ಆ ನಿಧಾನದ ರ‍್ಯಾಮ್ ಕೂಡ ನನ್ನ ಎಸ್‌ಎಸ್‌ಡಿಗಿಂತ ಹಲವು ಪಟ್ಟು ಚುರುಕು. ಆಟ ಆಡುವವರಿಗೆ ಸಮಜೋಡಿಯ ಲೆಕ್ಕ ಬೇರೆ ಇರಬಹುದು. ಜಾಗ ಸಾಲದೆ ಎಸ್‌ಎಸ್‌ಡಿಗೆ ಅಲೆಯುತ್ತಿದ್ದ ನನ್ನ ಚಿತ್ರಗಳಿಗೆ ಬೇಕಿದ್ದದ್ದು ಜಾಗ. 32 ಜಿಬಿಯ ಸ್ಟಿಕ್ ನನ್ನ ಕೆಲಸಕ್ಕೆ ಅತಿಯಾಯಿತು ಎನಿಸಿ ಅದನ್ನು ಬಿಟ್ಟೆ.

ಆಗಸ್ಟ್‌ನ ಒಂದು ಮಂಗಳವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಮೆಟ್ರೊದ ಹಸಿರು ಮಾರ್ಗದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಅಲ್ಲಿಂದ ನಡೆದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಸಾಲು, ಎಸ್‌.ಪಿ. ರಸ್ತೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಅಲ್ಲಿ ಯಾರ ಬಾಯಲ್ಲೂ ನಾನು ಕೇಳಲಿಲ್ಲ. ಮೈಸೂರಿನಲ್ಲಿ ಕುಳಿತು ಆನ್‌ಲೈನ್‌ನಲ್ಲಿ ತರಿಸಬಹುದಿತ್ತು. ಆದರೆ ಲ್ಯಾಪ್‌ಟಾಪ್ ಜೊತೆಗೊಯ್ದು, ಅಂಗಡಿಯಲ್ಲೇ ಕೂರಿಸಿ, ಗುರುತಿಸಿತೆಂದು ಕಂಡ ಮೇಲೆ ಹಣ ಕೊಡಬೇಕೆಂದು ನನ್ನ ಹಟ.

ಮೊದಲು ಹೊಕ್ಕ ಅಂಗಡಿಯಲ್ಲಿ ಹೆಸರೇ ಕೇಳಿರದ ಒಂದು ಸ್ಟಿಕ್ ಅನ್ನು 2,600ಕ್ಕೆ ಕೊಡುತ್ತೇವೆಂದರು. ಪೆಟ್ಟಿಗೆಯಿಲ್ಲ. ಚಿಪ್‌ಗಳ ಮೇಲಿನ ಅಕ್ಷರ ಉಜ್ಜಿ ಅಳಿಸಿದ ಹಾಗಿತ್ತು. ಬಿಲ್ ಕೇಳಿದಾಗ, “ಬಿಲ್ ಬೇಕಾದರೆ ಶೇ 18 ಜಿಎಸ್‌ಟಿ ಮೇಲೆ ಬೀಳುತ್ತದೆ, ಸುಮ್ಮನೆ ಯಾಕೆ?” ಎಂದರು. ನಮಸ್ಕಾರ ಹೇಳಿ ಇಳಿದು ಬಂದೆ. ಬಿಲ್ಲಿಲ್ಲದ ರ‍್ಯಾಮ್ ಕೆಟ್ಟರೆ ಅದನ್ನು ಎಲ್ಲಿಗೆ ಒಯ್ಯುವುದು?

ಎರಡನೆಯದು ಮೆಟ್ಟಿಲ ಕೆಳಗಿನ, ಮೂವರು ನಿಂತರೆ ತುಂಬುವ ಅಂಗಡಿ. ಕೌಂಟರ್‌ನಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗ. ಮಾದರಿ ಹೇಳುತ್ತಿದ್ದಂತೆ, “ಒಂದೇ ಸ್ಲಾಟ್ ಅಕ್ಕಾ, ಆನ್‌ಬೋರ್ಡ್ ಎಂಟು ಇದೆಯೋ ನಾಲ್ಕೋ?” ಎಂದು ಕೇಳಿದ. ಈ ಪ್ರಶ್ನೆ ಕೇಳಿದ್ದೇ ನನಗೆ ಸಾಕಾಯಿತು, ಕೂತುಕೊಂಡೆ. ಅವನೂ ಮೊದಲು ಎಂಟನ್ನೇ ಹೇಳಿದ. ನನ್ನ ಕೆಲಸ ವಿವರಿಸಿ, ಮೊಬೈಲ್‌ನಲ್ಲಿದ್ದ ಟಾಸ್ಕ್ ಮ್ಯಾನೇಜರ್‌ನ ಚಿತ್ರ ತೋರಿಸಿದೆ. ಒಂದು ಕ್ಷಣ ನೋಡಿ, “ಹಾಗಾದರೆ ಹದಿನಾರೇ ಹಾಕಿಸಿಕೊಳ್ಳಿ. ಎಂಟು ಹಾಕಿಸಿದರೆ ವರ್ಷದೊಳಗೆ ಮತ್ತೆ ಬರುತ್ತೀರಿ, ಆಗ ಈ ಎಂಟು ನಿಮ್ಮ ಕೈಯಲ್ಲಿ ಉಳಿಯುತ್ತದೆ” ಎಂದ. ಒಂದೇ ಸ್ಲಾಟ್ ಇರುವವರು ಇದನ್ನು ಗಮನಿಸಬೇಕು. ಆಮೇಲೆ ಹೆಚ್ಚಿಸಬೇಕೆಂದರೆ ಈಗ ಹಾಕಿದ್ದನ್ನು ತೆಗೆಯಲೇಬೇಕು.

ಕೊಟ್ಟದ್ದು ಕ್ರೂಷಿಯಲ್‌ನ 16 ಜಿಬಿ ಡಿಡಿಆರ್4-3200. ಇದರ ಸಂಕೇತ ಸಿಟಿ16ಜಿ4ಎಸ್‌ಎಫ್‌ಆರ್‌ಎ32ಎ. ಬಾಯಿಗೆ ಸಿಗದ ಹೆಸರಾದರೂ ಬಿಡಿಸಿ ಓದಿದರೆ ಎಲ್ಲವೂ ಅದರಲ್ಲೇ ಇದೆ: 16ಜಿ ಗಾತ್ರ, ಮುಂದಿನ 4 ಡಿಡಿಆರ್4, ಎಸ್ ಎಂದರೆ ಲ್ಯಾಪ್‌ಟಾಪಿನ ಚಿಕ್ಕ ಅಳತೆ, ಕೊನೆಯ 32 ಎಂದರೆ 3200. ಎಸ್ ಇರುವ ಜಾಗದಲ್ಲಿ ಡಿ ಇದ್ದರೆ ಅದು ಡೆಸ್ಕ್‌ಟಾಪಿನ 288 ಕಾಲಿನ ಉದ್ದ ಸ್ಟಿಕ್. ಆನ್‌ಲೈನ್‌ನಲ್ಲಿ ತರಿಸುವವರು ಆ ಒಂದು ಅಕ್ಷರವನ್ನು ಬೆರಳಿಟ್ಟು ಓದಬೇಕು. ಜಿಎಸ್‌ಟಿ ಸೇರಿ 3,150 ರೂಪಾಯಿ, ಕೂರಿಸಲು 200. ಅದೇ ಕಂಪನಿಯ 8 ಜಿಬಿ 1,700 ಇತ್ತು.

ಲೇಬಲ್‌ನಲ್ಲಿ ಇನ್ನೊಂದು ಬರಹ ನೋಡಲು ಆ ಹುಡುಗನೇ ಕಲಿಸಿದ: 1ಆರ್‌ಎಕ್ಸ್8, 2ಆರ್‌ಎಕ್ಸ್8, 1ಆರ್‌ಎಕ್ಸ್16 ಎಂಬ ಬರಹ. ಎಕ್ಸ್ ನಂತರದ ಅಂಕಿ ಒಂದೊಂದು ಚಿಪ್ ಒಮ್ಮೆಗೆ ಕೊಡುವ ಬಿಟ್‌ಗಳ ಲೆಕ್ಕ. ಎಕ್ಸ್16 ಎಂದಿರುವ ಸ್ಟಿಕ್‌ನಲ್ಲಿ ಚಿಪ್‌ಗಳು ಕಡಿಮೆ, ಡಿಡಿಆರ್4ರಲ್ಲಿ ಅಂಥ ಚಿಪ್‌ಗಳ ಒಳಗಿನ ಬ್ಯಾಂಕ್ ಗುಂಪುಗಳು, ಅಂದರೆ ಸರದಿಯಂತೆ ಕೆಲಸ ಹಂಚಿಕೊಳ್ಳುವ ವಿಭಾಗಗಳು, ಎಕ್ಸ್8ರ ಅರ್ಧದಷ್ಟೇ. ಹಾಗಾಗಿ ಗಾತ್ರ, ವೇಗ ಎರಡೂ ಒಂದೇ ಬರೆದಿದ್ದರೂ ಎಕ್ಸ್16 ತುಸು ಹಿಂದೆ ಬೀಳುತ್ತದೆ. ಬೆಲೆ ಸಮವಿದ್ದರೆ ಎಕ್ಸ್8 ಕೇಳಿ ಪಡೆಯುವುದು ಒಳ್ಳೆಯದು. ನನ್ನದು ಎಕ್ಸ್8.

ಕೂರಿಸಿದ ರೀತಿ ನನಗೆ ಬಹಳ ಹಿಡಿಸಿತು. ಸ್ಟಿಕ್‌ನ ಅಂಚು ಹಿಡಿದು, ಚಿನ್ನದ ಬಣ್ಣದ ಕಾಲುಗಳಿಗೆ ಬೆರಳು ತಾಕಿಸದೆ, ಓರೆಯಾಗಿ ಸ್ಲಾಟಿಗೆ ತೂರಿಸಿದ. ಕಾಲುಗಳ ಹೊಳಪು ಕೂದಲೆಳೆಯಷ್ಟು ಮಾತ್ರ ಕಾಣುವವರೆಗೆ ಒಳಗೆ ತಳ್ಳಿ, ಆಮೇಲೆ ಎರಡು ಬೆರಳಿಂದ ಮೆಲ್ಲಗೆ ಕೆಳಕ್ಕೆ ಒತ್ತಿದ. ಎರಡೂ ಬದಿಯ ಬೆಳ್ಳಿ ಕ್ಲಿಪ್‌ಗಳು ಒಟ್ಟಿಗೇ ಚಟಕ್ಕೆಂದವು. ಚಾಲೂ ಮಾಡಿದರೆ ಪರದೆ ಕಪ್ಪು. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ನಾನು ಅವನ ಮುಖ ನೋಡಿದೆ. “ಹೊಸ ರ‍್ಯಾಮ್‌ನ ಪರಿಚಯ ಮಾಡಿಕೊಳ್ಳುತ್ತಿದೆ ಅಕ್ಕಾ, ಮೊದಲ ಸಲ ಹೀಗೆಯೇ. ಮುಟ್ಟಬೇಡಿ” ಎಂದ. ಸ್ವಲ್ಪ ಹೊತ್ತಿಗೆ ಲೆನೊವೊ ಎಂಬ ಅಕ್ಷರ ಮೂಡಿತು. ಮನೆಯಲ್ಲಿ ತಾವೇ ಹಾಕಿಕೊಳ್ಳುವವರು ಈ ಅರ್ಧ ನಿಮಿಷ ಗಾಬರಿಯಾಗಿ ಪವರ್ ಬಟನ್ ಒತ್ತಬಾರದು.

ಒಳಗೆ ನೋಡಿದರೆ 24 ಜಿಬಿ, ವೇಗ 3200. ಆಮೇಲೆ ಅವನು ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ವಿಭಾಗ ತೋರಿಸಿದ. ಮೂರು ವರ್ಷದಿಂದ ಅಲ್ಲಿ ‘ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್’ ಎಂದಿತ್ತು. ಈಗ ‘ಇಂಟೆಲ್ ಐರಿಸ್ ಎಕ್ಸ್ಇ ಗ್ರಾಫಿಕ್ಸ್’! ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ್ದ ಚೀಟಿಯಲ್ಲೂ ಐರಿಸ್ ಎಂದೇ ಇತ್ತು, ನಾನು ಎಂದೂ ಹೋಲಿಸಿ ನೋಡಿರಲಿಲ್ಲ. 11ನೇ ತಲೆಮಾರಿನ ಈ ಪ್ರೊಸೆಸರ್‌ಗಳಲ್ಲಿ ಮೆಮೊರಿಯ ಎರಡೂ ದಾರಿ ತೆರೆದಿದ್ದರೆ ಮಾತ್ರ ಐರಿಸ್ ಎಕ್ಸ್ಇ ಎಂಬ ಹೆಸರು ಬರುತ್ತದೆ. ಒಂದೇ ದಾರಿಯಿದ್ದರೆ ಅದೇ ಚಿಪ್ ಯುಎಚ್‌ಡಿ ಎಂದು ಗುರುತಿಸಿಕೊಳ್ಳುತ್ತದೆ. ನಿಮ್ಮದು ಅದೇ ಪೀಳಿಗೆಯ, ಹೆಸರಿನ ಕೊನೆಯಲ್ಲಿ ಜಿ7 ಇರುವ ಐ5 ಅಥವಾ ಐ7 ಆಗಿದ್ದರೆ ಈಗಲೇ ಹೋಗಿ ಆ ಹೆಸರು ನೋಡಿ. ಒಂದೇ ನಲ್ಲಿಯಲ್ಲಿ ನಡೆಯುತ್ತಿದೆಯೋ ಎರಡರಲ್ಲೋ ಎಂದು ಯಾವ ತಂತ್ರಾಂಶವನ್ನೂ ಹಾಕದೆ ಗೊತ್ತಾಗುತ್ತದೆ.

ಮನೆಗೆ ಬಂದು ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿದೆ. ಪೆನ್‌ಡ್ರೈವ್‌ನಿಂದ ನಡೆಯುವ ಉಚಿತ ಪರೀಕ್ಷೆ ಅದು. ಬೆಳಿಗ್ಗೆ ನಾಲ್ಕು ಸುತ್ತು ಮುಗಿದು ತಪ್ಪು ಸೊನ್ನೆ ಎಂದಿತ್ತು. ಇದನ್ನು ಬಿಡಬಾರದು. ರ‍್ಯಾಮ್‌ನ ಸಣ್ಣ ದೋಷ ತಕ್ಷಣ ಕಾಣುವುದಿಲ್ಲ, ಮೂರು ತಿಂಗಳ ಮೇಲೆ ಒಂದು ಕಡತ ಹಾಳಾದಾಗ ಕಾಣುತ್ತದೆ.

ಕೆಲಸದಲ್ಲಾದ ವ್ಯತ್ಯಾಸ ಹೇಳುತ್ತೇನೆ. ಅದೇ ಸಂಚಿಕೆ, ಅದೇ ಚಿತ್ರಗಳು. ಇನ್‌ಡಿಸೈನ್, ಫೋಟೊಶಾಪ್, ಬ್ರೌಸರ್ ಮೂರೂ ತೆರೆದಾಗ ಬಳಕೆ 13ರಿಂದ 15 ಜಿಬಿ. ಅಂದರೆ ಎಂಟಕ್ಕೆ ಎಂಟು ಸೇರಿಸಿದ್ದರೆ ಮತ್ತೆ ಅಂಚಿಗೇ ಬಂದು ನಿಲ್ಲುತ್ತಿದ್ದೆ. 212 ಪುಟದ ಪಿಡಿಎಫ್ ತೆಗೆಯಲು ಮೊದಲು 11 ನಿಮಿಷ ಬೇಕಿತ್ತು, ಈಗ ಐದಕ್ಕೆ ಇಳಿದಿದೆ. ಕುಂಚ ಕೈಯ ಜೊತೆಗೇ ಓಡುತ್ತದೆ. ಒಂದು ಗುಂಪುಚಿತ್ರದಲ್ಲಿ ಮೊದಲ ಸಾಲಿನ ಹುಡುಗಿಯರ ಲಂಗದ ಅಂಚಿನ ಮೇಲೆ ನೀರು ಬಿದ್ದು ಹರಡಿದ ಕಲೆಯಿತ್ತು. ಆ ಜರಿಯನ್ನು ಎಳೆ ಎಳೆಯಾಗಿ ತಿರುಗಿ ಬರೆಯಲು ಮುಕ್ಕಾಲು ಗಂಟೆ ಸಾಕಾಯಿತು. ಮೊದಲಿನ ಸ್ಥಿತಿಯಲ್ಲಿ ಆ ಚಿತ್ರವನ್ನು ಕಲೆಯ ಸಮೇತವೇ ಅಚ್ಚಿಗೆ ಕಳಿಸುತ್ತಿದ್ದೆನೇನೋ.

ಎಲ್ಲವೂ ವೇಗವಾಯಿತೆಂದು ಹೇಳಲಾರೆ. ವಿಂಡೋಸ್ ಚಾಲೂ ಆಗುವ ಸಮಯದಲ್ಲಿ ಏನೂ ಬದಲಾಗಲಿಲ್ಲ. ಬರೀ ಅಕ್ಷರಗಳಿರುವ ಕಾದಂಬರಿಯ ಕೆಲಸದಲ್ಲೂ ವ್ಯತ್ಯಾಸ ಕಾಣಲಿಲ್ಲ, ಅದಕ್ಕೆ ಎಂಟೇ ಧಾರಾಳವಾಗಿತ್ತು. ಬ್ಯಾಟರಿ ಬಾಳಿಕೆಯೂ ಮೊದಲಿನಂತೆಯೇ ಇದೆ. ಒಂದು ಅಳುಕು ಮಾತ್ರ ಉಳಿದಿದೆ: ಬೋರ್ಡಿಗೆ ಬೆಸೆದ ಎಂಟು ಕೆಟ್ಟರೆ ಬದಲಿಸುವಂತಿಲ್ಲ, ಹೊಸ ಸ್ಟಿಕ್ ಎಷ್ಟು ಚೆನ್ನಾಗಿದ್ದರೂ ಆಗ ಇಡೀ ಬೋರ್ಡಿನ ಮಾತು ಬರುತ್ತದೆ. ಒಂದೂವರೆ ವರ್ಷದಲ್ಲಿ ಒಮ್ಮೆಯೂ ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬಂದಿಲ್ಲ.

ಈಗ ಇದನ್ನು ಬರೆಯಲು ಕಾರಣ, ನಮ್ಮ ಕರಡು ತಿದ್ದುವ ವಸುಮತಿಯವರು ತಮ್ಮ ಲ್ಯಾಪ್‌ಟಾಪಿಗೂ ರ‍್ಯಾಮ್ ಹಾಕಿಸಬೇಕೆಂದು ಕೇಳಿದ್ದು. ಕಾಲ ಬದಲಾಗಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರುತ್ತಲೇ ಹೋಗಿದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ಮೆಮೊರಿಯತ್ತ ತಿರುಗಿದ್ದಾರೆ. ಕ್ರೂಷಿಯಲ್ ಎಂಬುದು ಮೈಕ್ರಾನ್‌ನದೇ ಹೆಸರು. ಗ್ರಾಹಕರಿಗೆ ಮಾರುವ ಈ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮಾರಿದ ಸ್ಟಿಕ್‌ಗಳ ವಾರಂಟಿ ನಡೆಸಿಕೊಡುವುದಾಗಿ ಹೇಳಿದೆ. ನನ್ನ ಬಿಲ್ಲನ್ನು ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಮನೆಯ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ಸುದ್ದಿ ಓದಿದಾಗ ಬೇಸರವಾಯಿತು. ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವ ವಸ್ತು ಅಂಗಡಿಯಿಂದ ಮರೆಯಾಗುವುದು ಒಳ್ಳೆಯ ಸುದ್ದಿಯಲ್ಲ.

ವಸುಮತಿಯವರ ಯಂತ್ರ ಹಳೆಯದು, ಡಿಡಿಆರ್4ರ 2400 ವೇಗದ್ದು, 4 ಜಿಬಿ. ಅವರ ಕೆಲಸ ವರ್ಡ್ ಮತ್ತು ಬ್ರೌಸರ್ ಅಷ್ಟೇ. ಹೊಸ ಸ್ಟಿಕ್‌ಗೆ ಈಗಿನ ಬೆಲೆ ತೆರಬೇಕಿಲ್ಲ, ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದ 8 ಜಿಬಿಯ ಸ್ಟಿಕ್ ಸಿಕ್ಕರೂ ಸಾಕು ಎಂದಿದ್ದೇನೆ. 2400, 2666, 3200 ಯಾವುದಾದರೂ ಸರಿ, ವೇಗದ ಸ್ಟಿಕ್ ಕೂಡ ಅವರ ಯಂತ್ರದಲ್ಲಿ 2400ಕ್ಕೆ ಇಳಿದು ನಡೆಯುತ್ತದೆ. ಬಳಸಿದ ಸ್ಟಿಕ್ ಆದ್ದರಿಂದ ಹಣ ಕೊಡುವ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಲು ಒಪ್ಪುವವರ ಹತ್ತಿರವೇ ಕೊಳ್ಳಬೇಕೆಂದು ಷರತ್ತು ಹಾಕಿದ್ದೇನೆ. ಬರುವ ಭಾನುವಾರ ಅವರ ಮನೆಗೆ ಹೋಗಿ ಮೊದಲು ಹೊದಿಕೆ ಬಿಚ್ಚಿ ಸ್ಲಾಟ್ ಎಷ್ಟಿದೆ ನೋಡುತ್ತೇವೆ. ಗಿಟಾರಿನ ಪಿಕ್ ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.